ಸಹಾರಾದ ಫೆನೆಕ್ ನರಿಯನ್ನು ಅದರ ನೆಲೆಯಲ್ಲೇ ಗುರುತಿಸಿ ನೋಡುವ ಬಗೆ: ಒಂದು ಸಮಗ್ರ ಮಾರ್ಗದರ್ಶಿ

ನಾಯಿ ಕುಟುಂಬದ ಅತ್ಯಂತ ಚಿಕ್ಕ ಪ್ರಾಣಿಯಾದ ಫೆನೆಕ್ ನರಿಯು ಸಹಾರಾ ಮರುಭೂಮಿಯಲ್ಲಿ ತೀರಾ ಅಪರೂಪವೇನಲ್ಲ; ಆದರೂ ಅದನ್ನು ಕಾಣಲೆಂದೇ ಅಲ್ಲಿಗೆ ಹೋಗುವವರಲ್ಲಿ ಹಲವರ ಕಣ್ಣಿಗೆ ಅದು ಬೀಳುವುದೇ ಇಲ್ಲ. ರಾತ್ರಿಯಿಡೀ ವಾಹನದಲ್ಲಿ ಅಲೆದು ಪ್ರಾಣಿಯನ್ನು ಹುಡುಕುವವರು ಬೆಳಗಿನ ಹೊತ್ತು ಬಗ್ಗಿ ಮರಳನ್ನು ನೋಡುವುದಿಲ್ಲ ಎಂಬುದೇ ಇದಕ್ಕೆ ಮುಖ್ಯ ಕಾರಣ. ಯಾವ ಬಗೆಯ ಮರಳು, ಯಾವ ಗಿಡ, ಯಾವ ಹೊತ್ತು ಎಂಬ ಮೂರು ಸಂಗತಿಗಳ ಮೇಲೆ ಫೆನೆಕ್‌ನ ಬದುಕು ನಿಂತಿದೆ. ಈ ಮೂರನ್ನು ಅರಿತವರಿಗೆ ಹುಡುಕಾಟ ಅರ್ಧ ಮುಗಿದಂತೆಯೇ. ಪ್ರಾಣಿಯ ಗುರುತು ಹಿಡಿಯುವುದರಿಂದ ಆರಂಭಿಸಿ, ನೆಲೆಯ ಆಯ್ಕೆ, ಜಾಡು ಹಿಡಿಯುವುದು, ಬಿಲದ ಬಳಿ ಕಾಯುವುದು ಹಾಗೂ ಕಂಡದ್ದನ್ನು ದಾಖಲಿಸುವುದರವರೆಗಿನ ಹಂತಗಳನ್ನು ಇಲ್ಲಿ ಅನುಕ್ರಮವಾಗಿ ವಿವರಿಸಲಾಗಿದೆ.

ಹಂತ 1: ಪ್ರಾಣಿಯ ಗುರುತುಗಳನ್ನು ಮೊದಲೇ ಮನದಟ್ಟು ಮಾಡಿಕೊಳ್ಳಿ

ಫೆನೆಕ್‌ನ ವೈಜ್ಞಾನಿಕ ಹೆಸರು ವಲ್ಪೆಸ್ ಜೆರ್ಡಾ. 1780ರಲ್ಲಿ ಜರ್ಮನಿಯ ಪ್ರಾಣಿವಿಜ್ಞಾನಿ ಜಿಮ್ಮರ್‌ಮನ್ ಇದನ್ನು ಮೊದಲ ಬಾರಿಗೆ ವೈಜ್ಞಾನಿಕವಾಗಿ ವರ್ಣಿಸಿದರು. ಬೆಳೆದ ಪ್ರಾಣಿಯ ತೂಕ ಸಾಮಾನ್ಯವಾಗಿ 1ರಿಂದ 1.5 ಕಿಲೋಗ್ರಾಂ, ತಲೆಯಿಂದ ಬಾಲದ ಬುಡದವರೆಗಿನ ಉದ್ದ 35ರಿಂದ 40 ಸೆಂಟಿಮೀಟರ್, ಭುಜದ ಎತ್ತರ ಸುಮಾರು 20 ಸೆಂಟಿಮೀಟರ್. ಅಂದರೆ ಇದು ಬಹುತೇಕ ಸಾಕುಬೆಕ್ಕುಗಳಿಗಿಂತ ಹಗುರವಾದ ನರಿ. ಛಾಯಾಚಿತ್ರಗಳಲ್ಲಿ ಕಿವಿಗಳು ಎಷ್ಟು ದೊಡ್ಡದಾಗಿ ಕಾಣುತ್ತವೆಯೆಂದರೆ ಇಡೀ ಪ್ರಾಣಿಯೇ ದೊಡ್ಡದೆಂಬ ಭ್ರಮೆ ಮೂಡುತ್ತದೆ; ಮರಳಿನ ಮೇಲೆ ನಿಂತ ನಿಜವಾದ ಫೆನೆಕ್ ಮಾತ್ರ ಹೆಚ್ಚಿನವರು ಊಹಿಸಿಕೊಂಡದ್ದಕ್ಕಿಂತ ಬಹಳ ಚಿಕ್ಕದು. ದೂರದಿಂದ ನೋಡುವಾಗ ಕಣ್ಣು ಅಂಥ ಗಾತ್ರಕ್ಕೆ ಹೊಂದಿಕೊಂಡಿರಬೇಕು.

ಮೈಬಣ್ಣ ತಿಳಿಕೆನೆಯಿಂದ ಮರಳಿನ ಬಣ್ಣದವರೆಗೆ ಇರುತ್ತದೆ, ಹೊಟ್ಟೆಯ ಭಾಗ ಬಿಳಿ. ಕಣ್ಣು, ಮೂಗು ಕಪ್ಪು. ಕಿವಿಗಳು 9ರಿಂದ 10 ಸೆಂಟಿಮೀಟರ್ ಉದ್ದವಿದ್ದು ಒಳಭಾಗದಲ್ಲಿ ಬಿಳಿಗೂದಲಿನ ಅಂಚಿರುತ್ತದೆ. ಆದರೆ ಕಿವಿಯೊಂದನ್ನೇ ನಂಬಿ ಗುರುತಿಸುವುದು ಸರಿಯಲ್ಲ. ಏಕೆಂದರೆ ಅದೇ ಮರುಭೂಮಿಯಲ್ಲಿ ವಾಸಿಸುವ ರುಪ್ಪೆಲ್ ನರಿಗೂ ಸಾಕಷ್ಟು ದೊಡ್ಡ ಕಿವಿಗಳಿವೆ. ಇವೆರಡನ್ನು ಬೇರ್ಪಡಿಸುವ ಅತ್ಯಂತ ಭರವಸೆಯ ಗುರುತು ಬಾಲದ ತುದಿ: ಫೆನೆಕ್‌ನದು ಕಪ್ಪು, ರುಪ್ಪೆಲ್ ನರಿಯದು ಬಿಳಿ. ರುಪ್ಪೆಲ್ ನರಿಯ ಕಾಲುಗಳು ಉದ್ದ, ಮೈಕಟ್ಟು ಹೆಚ್ಚು ತೆಳು. ಸಹಾರಾದ ದಕ್ಷಿಣ ಅಂಚಿನಲ್ಲಿ, ಅಂದರೆ ಸಹೇಲ್ ಪ್ರದೇಶ ಆರಂಭವಾಗುವಲ್ಲಿ, ಇನ್ನೊಂದು ತೊಡಕು ಎದುರಾಗುತ್ತದೆ. ಅಲ್ಲಿನ ಮಸುಕು ನರಿಯ ಬಾಲದ ತುದಿಯೂ ಕಪ್ಪು. ಅದರ ಕಿವಿಗಳು ಫೆನೆಕ್‌ನಷ್ಟು ಅಗಲವಲ್ಲ, ದೇಹವೂ ಕೊಂಚ ದೊಡ್ಡದು. ಹೀಗಾಗಿ ದಕ್ಷಿಣ ಭಾಗದಲ್ಲಿ ಕಪ್ಪು ಬಾಲದ ತುದಿಯನ್ನು ಕಂಡ ಮಾತ್ರಕ್ಕೆ ಫೆನೆಕ್ ಎಂದು ಬರೆದುಕೊಳ್ಳಬಾರದು. ತಲೆಯ ಗಾತ್ರಕ್ಕೂ ಕಿವಿಯ ಗಾತ್ರಕ್ಕೂ ಇರುವ ಅನುಪಾತವನ್ನು ನೋಡಿಯೇ ತೀರ್ಮಾನಿಸಬೇಕು.

ಹಂತ 2: ನಕ್ಷೆಯಲ್ಲಿ ಸರಿಯಾದ ಮರಳನ್ನು ಹುಡುಕಿ

ಫೆನೆಕ್‌ನ ವ್ಯಾಪ್ತಿ ಮೊರಾಕೊ ಮತ್ತು ಮಾರಿಟೇನಿಯಾದಿಂದ ಆರಂಭವಾಗಿ ಅಲ್ಜೀರಿಯಾ, ಟ್ಯುನೀಶಿಯಾ, ಲಿಬಿಯಾಗಳ ಮೂಲಕ ಈಜಿಪ್ಟಿನ ಸಿನಾಯ್‌ವರೆಗೆ ಹರಡಿದೆ. ದಕ್ಷಿಣದಲ್ಲಿ ಮಾಲಿ, ನೈಜರ್, ಚಾಡ್ ಮತ್ತು ಸುಡಾನ್ ದೇಶಗಳ ಉತ್ತರ ಭಾಗಗಳಲ್ಲೂ ಇದು ಸಿಗುತ್ತದೆ. ಇಷ್ಟು ವಿಶಾಲವಾದ ವ್ಯಾಪ್ತಿಯಲ್ಲಿ ಮರುಭೂಮಿಯೆಂದರೆ ಬರೀ ಮರಳಲ್ಲ ಎಂಬುದನ್ನು ಮೊದಲು ನೆನಪಿಡಬೇಕು. ಸಹಾರಾದ ಬಹುಭಾಗ ಜಲ್ಲಿಕಲ್ಲಿನ ಬಯಲು ಮತ್ತು ಬಂಡೆಯ ಪ್ರಸ್ಥಭೂಮಿಗಳಿಂದ ಕೂಡಿದೆ. ಸ್ಥಳೀಯರು ಇವುಗಳನ್ನು ಕ್ರಮವಾಗಿ ರೆಗ್ ಮತ್ತು ಹಮಾದ ಎಂದು ಕರೆಯುತ್ತಾರೆ. ಮರಳುದಿಬ್ಬಗಳ ಸಾಗರಕ್ಕೆ ಎರ್ಗ್ ಎಂಬ ಹೆಸರಿದೆ. ಫೆನೆಕ್‌ಗೆ ಬೇಕಾದದ್ದು ಎರ್ಗ್ ಮತ್ತು ಅದರ ಅಂಚು. ಬಂಡೆಯ ಇಳಿಜಾರಿನಲ್ಲಿ ಅದನ್ನು ಹುಡುಕುವುದು ವ್ಯರ್ಥ.

ಎರ್ಗ್‌ನೊಳಗೂ ಎಲ್ಲ ದಿಬ್ಬಗಳು ಒಂದೇ ಬಗೆಯವಲ್ಲ. ಪ್ರವಾಸಿಗರ ಚಿತ್ರಗಳಲ್ಲಿ ಕಾಣುವ, ಒಂದೂ ಗಿಡವಿಲ್ಲದ, ಚೂಪು ಏಣಿನ ಎತ್ತರದ ದಿಬ್ಬಗಳು ಗಾಳಿ ಬಂದಂತೆ ಸರಿಯುತ್ತಿರುತ್ತವೆ. ಅಂಥ ಮರಳಿನಲ್ಲಿ ತೋಡಿದ ಬಿಲ ಬಹಳ ದಿನ ಉಳಿಯುವುದಿಲ್ಲ; ತಿನ್ನಲು ಸಿಗುವ ಕೀಟಗಳೂ ಕಡಿಮೆ. ಗಿಡಗಂಟಿಗಳ ಬೇರು ಹಿಡಿದು ನಿಲ್ಲಿಸಿರುವ, ಅಷ್ಟೇನೂ ಎತ್ತರವಿಲ್ಲದ, ಅಲೆಅಲೆಯಾದ ದಿಬ್ಬಗಳೇ ಫೆನೆಕ್‌ನ ನಿಜವಾದ ಮನೆ. ಇಲ್ಲಿ ಮುಖ್ಯವಾಗಿ ಗಮನಿಸಬೇಕಾದ ಸಸ್ಯಗಳು ಎರಡು. ಒಂದು, ದ್ರಿನ್ ಎಂದು ಕರೆಯುವ ಒರಟು ಹುಲ್ಲು. ಇದು ಗುಪ್ಪೆಗುಪ್ಪೆಯಾಗಿ ಬೆಳೆದು ತನ್ನ ಬುಡದಲ್ಲಿ ಮರಳನ್ನು ತಡೆದು ಚಿಕ್ಕ ದಿನ್ನೆಯನ್ನೇ ಕಟ್ಟಿಕೊಳ್ಳುತ್ತದೆ. ಇನ್ನೊಂದು, ಎಲೆಗಳಿಲ್ಲದಂತೆ ಕಾಣುವ ಹಸಿರು ಕಡ್ಡಿಗಳ ಕ್ಯಾಲಿಗೊನಮ್ ಪೊದೆ. ಫೆನೆಕ್‌ನ ಬಿಲಗಳ ಸುತ್ತ ಹೆಚ್ಚಾಗಿ ಕಾಣಸಿಗುವ ಸಸ್ಯಗಳು ಇವೇ. ಬೇರುಗಳು ಬಿಲದ ಚಾವಣಿ ಕುಸಿಯದಂತೆ ಹಿಡಿದಿಡುತ್ತವೆ, ಪೊದೆ ಬಾಯಿಗೆ ನೆರಳು ಕೊಡುತ್ತದೆ, ಬುಡದಲ್ಲಿ ಸೇರುವ ಒಣ ಎಲೆ ಮತ್ತು ಬೀಜಗಳಿಗೆ ಕೀಟಗಳು ಮುತ್ತುತ್ತವೆ, ಕೀಟಗಳ ಹಿಂದೆ ಹಲ್ಲಿಗಳೂ ಇಲಿಗಳೂ ಬರುತ್ತವೆ. ಹೀಗಾಗಿ ಒಂದು ಹುಲ್ಲಿನ ಗುಪ್ಪೆಯು ಫೆನೆಕ್‌ಗೆ ಮನೆಯೂ ಹೌದು, ಅಡುಗೆಮನೆಯೂ ಹೌದು.

ಇಷ್ಟು ತಿಳಿದ ಮೇಲೆ ಉಪಗ್ರಹ ಚಿತ್ರವನ್ನು ತೆರೆದು ನೋಡಿ. ನಯವಾದ, ಏಕಬಣ್ಣದ ದಿಬ್ಬಗಳನ್ನು ಬಿಟ್ಟು, ಕಪ್ಪು ಚುಕ್ಕೆಗಳು ಚದುರಿದಂತೆ ಕಾಣುವ ಮರಳಿನ ಪಟ್ಟಿಗಳನ್ನು ಗುರುತು ಹಾಕಿಕೊಳ್ಳಿ. ಆ ಚುಕ್ಕೆಗಳು ಪೊದೆಗಳು. ಅಂಥ ಪಟ್ಟಿಯು ಜಲ್ಲಿಬಯಲಿಗೆ ತಾಗಿಕೊಂಡಿದ್ದರೆ ಇನ್ನೂ ಒಳ್ಳೆಯದು, ನಡೆದಾಡಲೂ ವಾಹನ ನಿಲ್ಲಿಸಲೂ ಅನುಕೂಲ. ನೀರಿನ ಆಸರೆ ಹತ್ತಿರವಿರಬೇಕೆಂದು ಹುಡುಕುವ ಅಗತ್ಯವಿಲ್ಲ. ಇತರ ಪ್ರಾಣಿಗಳನ್ನು ನೋಡಲು ನೀರಿನ ಹೊಂಡದ ಬಳಿ ಕೂರುವ ಅಭ್ಯಾಸವಿದ್ದವರು ಇಲ್ಲಿ ಅದನ್ನು ಬಿಡಬೇಕು. ಫೆನೆಕ್ ನೀರಿನ ಮೂಲಗಳಿಂದ ಪೂರ್ತಿ ದೂರವೇ ಬದುಕಬಲ್ಲದು. ತಿನ್ನುವ ಕೀಟ, ಹಲ್ಲಿ, ಮೊಟ್ಟೆ, ಹಣ್ಣು ಮತ್ತು ಗೆಡ್ಡೆಗಳಲ್ಲಿರುವ ತೇವಾಂಶವೇ ಅದಕ್ಕೆ ಸಾಕಾಗುತ್ತದೆ, ಮೂತ್ರಪಿಂಡಗಳು ಮೂತ್ರವನ್ನು ಬಹಳ ಗಾಢಗೊಳಿಸಿ ನೀರನ್ನು ಉಳಿಸುತ್ತವೆ. ಅದರ ವಿಶ್ರಾಂತಿ ಕಾಲದ ಚಯಾಪಚಯ ದರವೂ ಅದೇ ತೂಕದ ಪ್ರಾಣಿಯಲ್ಲಿ ನಿರೀಕ್ಷಿಸುವುದಕ್ಕಿಂತ ಸುಮಾರು ಮೂರನೇ ಒಂದು ಭಾಗದಷ್ಟು ಕಡಿಮೆ.

ಹಂತ 3: ಪ್ರದೇಶ ಮತ್ತು ಅನುಮತಿ

ಟ್ಯುನೀಶಿಯಾದ ದಕ್ಷಿಣದಲ್ಲಿ, ದೂಸ್ ಪಟ್ಟಣದಿಂದ ತಲುಪಬಹುದಾದ ಜೆಬಿಲ್ ರಾಷ್ಟ್ರೀಯ ಉದ್ಯಾನವು ಆರಂಭಿಕರಿಗೆ ಒಳ್ಳೆಯ ಆಯ್ಕೆ. 1994ರಲ್ಲಿ ಸ್ಥಾಪನೆಯಾದ ಈ ಉದ್ಯಾನವು ಪೂರ್ವದ ಮಹಾ ಎರ್ಗ್‌ನ ಅಂಚಿನಲ್ಲಿದ್ದು, ಮೇಲೆ ಹೇಳಿದ ಬಗೆಯ ಪೊದೆಗಳಿರುವ ಮರಳು ಇಲ್ಲಿ ಧಾರಾಳವಾಗಿದೆ. ಮೊರಾಕೊದಲ್ಲಿ ಮೆರ್ಜೂಗಾ ಬಳಿಯ ಎರ್ಗ್ ಶೆಬ್ಬಿ ಮತ್ತು ಮ್ಹಾಮಿದ್ ಆಚೆಯ ಎರ್ಗ್ ಶಿಗಾಗಾ ಪ್ರಸಿದ್ಧವಾದವು. ಇವೆರಡರಲ್ಲಿ ಜನಸಂಚಾರ ಕಡಿಮೆಯಿರುವ ಶಿಗಾಗಾ ನನ್ನ ದೃಷ್ಟಿಯಲ್ಲಿ ಉತ್ತಮ. ಶೆಬ್ಬಿಯ ಸುತ್ತ ವಸತಿಗೃಹಗಳು, ಬೀದಿನಾಯಿಗಳು ಮತ್ತು ಮರಳಿನ ಮೇಲೆ ಓಡುವ ಮೋಟಾರು ವಾಹನಗಳ ಗದ್ದಲ ಹೆಚ್ಚು. ಪಶ್ಚಿಮ ಸಹಾರಾದಲ್ಲಿ ದಾಖ್ಲಾದಿಂದ ಅವ್‌ಸೆರ್ದ್ ಕಡೆಗೆ ಹೋಗುವ ರಸ್ತೆಯು ರಾತ್ರಿ ಸಸ್ತನಿಗಳನ್ನು ನೋಡುವವರ ನಡುವೆ ಹೆಸರುವಾಸಿಯಾಗಿದೆ. ಫೆನೆಕ್ ಜೊತೆಗೆ ಮರಳು ಬೆಕ್ಕೂ ಅಲ್ಲಿ ಕಾಣಸಿಗುತ್ತದೆ.

ಅನುಮತಿಯ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಟ್ಯುನೀಶಿಯಾದ ತೀರ ದಕ್ಷಿಣ ಭಾಗ ಸೇನಾ ನಿಯಂತ್ರಣದಲ್ಲಿದೆ, ಅಲ್ಲಿಗೆ ಮುಂಚಿತವಾಗಿ ಪರವಾನಗಿ ಬೇಕು. ಅಲ್ಜೀರಿಯಾದ ದಕ್ಷಿಣದಲ್ಲಿ ಅಧಿಕೃತ ಪ್ರವಾಸ ಸಂಸ್ಥೆಯ ಮೂಲಕವೇ ಹೋಗಬೇಕಾಗುತ್ತದೆ. ಪಶ್ಚಿಮ ಸಹಾರಾದ ಕೆಲವು ಕಡೆ ಹಳೆಯ ನೆಲಬಾಂಬುಗಳು ಇನ್ನೂ ಉಳಿದಿರುವುದರಿಂದ, ರಸ್ತೆ ಬಿಟ್ಟು ಎಷ್ಟು ದೂರ ಹೋಗಬಹುದೆಂಬುದನ್ನು ಸ್ಥಳೀಯರು ಹೇಳದ ಹೊರತು ಒಂದು ಹೆಜ್ಜೆಯನ್ನೂ ಮುಂದಿಡಬಾರದು. ಎಲ್ಲ ಕಡೆಯೂ ಸ್ಥಳೀಯ ಮಾರ್ಗದರ್ಶಕರನ್ನು ಜೊತೆಗೆ ಕರೆದೊಯ್ಯುವುದು ಅಗತ್ಯ. ಒಂಟೆ ಮೇಯಿಸುವ ಹಿರಿಯರು ಸಿಕ್ಕರೆ ಅವರಿಗಿಂತ ಒಳ್ಳೆಯ ಜೊತೆ ಇನ್ನೊಂದಿಲ್ಲ. ಯಾವ ದಿಬ್ಬದಲ್ಲಿ ಬಿಲಗಳಿವೆಯೆಂಬುದು ಅವರಿಗೆ ದಿನನಿತ್ಯದ ಸಂಗತಿ. ಆದರೆ ಮಾತುಕತೆಯ ಆರಂಭದಲ್ಲೇ ಒಂದು ಮಾತನ್ನು ಸ್ಪಷ್ಟಪಡಿಸಬೇಕು: ಪ್ರಾಣಿಯನ್ನು ಹಿಡಿಯುವುದು, ಬಿಲವನ್ನು ಅಗೆಯುವುದು ಯಾವ ಕಾರಣಕ್ಕೂ ಬೇಡ. ಅತಿಥಿಯನ್ನು ಖುಷಿಪಡಿಸುವ ಉತ್ಸಾಹದಲ್ಲಿ ಹೀಗೆ ಮಾಡಲು ಮುಂದಾಗುವವರೂ ಇದ್ದಾರೆ.

ಹಂತ 4: ಋತು ಮತ್ತು ಹೊತ್ತು

ಅಕ್ಟೋಬರ್‌ನಿಂದ ಫೆಬ್ರವರಿವರೆಗಿನ ಅವಧಿ ಎಲ್ಲಕ್ಕಿಂತ ಸೂಕ್ತ. ಬೇಸಿಗೆಯ ಹಗಲಿನಲ್ಲಿ ಉಷ್ಣಾಂಶ 45 ಡಿಗ್ರಿ ಸೆಲ್ಸಿಯಸ್ ದಾಟುವ ಈ ಪ್ರದೇಶಗಳಲ್ಲಿ ಫೆನೆಕ್ ಕತ್ತಲಾಗುವವರೆಗೆ ಬಿಲದಿಂದ ಹೊರಬರುವುದಿಲ್ಲ, ನೋಡುವವರ ಆರೋಗ್ಯಕ್ಕೂ ಆ ಕಾಲ ಅಪಾಯಕರ. ಚಳಿಗಾಲದಲ್ಲಿ ಪರಿಸ್ಥಿತಿ ಬೇರೆ. ದಕ್ಷಿಣ ಮೊರಾಕೊದಲ್ಲಿ ಚಳಿಗಾಲದ ಫೆನೆಕ್‌ಗಳು ಬೆಳಗ್ಗೆ ಬಿಸಿಲೇರುವವರೆಗೂ ಚುರುಕಾಗಿ ಓಡಾಡಿಕೊಂಡಿರುವುದು ಸಾಮಾನ್ಯ. ನಿಶಾಚರಿ ಎಂಬ ಒಂದೇ ಪದವನ್ನು ನಂಬಿ ಬೆಳಗಿನ ಹೊತ್ತು ಮಲಗಿಬಿಟ್ಟವರು ಕಳೆದುಕೊಳ್ಳುವುದು ಈ ಅವಕಾಶವನ್ನೇ.

ಚಳಿಯ ವಿಷಯದಲ್ಲಿ ಫೆನೆಕ್‌ನ ದೇಹ ಬಹಳ ಸೂಕ್ಷ್ಮ. ಉಷ್ಣಾಂಶ 20 ಡಿಗ್ರಿಗಿಂತ ಕೆಳಗಿಳಿದರೆ ಅದು ನಡುಗಲು ಆರಂಭಿಸುತ್ತದೆ. ಇನ್ನೊಂದು ಕಡೆ, ಸುತ್ತಲಿನ ಶಾಖ 35 ಡಿಗ್ರಿ ದಾಟುವವರೆಗೆ ಏದುಸಿರು ಬಿಡುವುದಿಲ್ಲ. ಒಮ್ಮೆ ಏದುಸಿರು ಆರಂಭವಾದರೆ ಉಸಿರಾಟ ನಿಮಿಷಕ್ಕೆ ಇಪ್ಪತ್ತರ ಆಸುಪಾಸಿನಿಂದ 690ರವರೆಗೆ ಏರಬಲ್ಲದು. ಹಿಮದಂಥ ಚಳಿಯಿರುವ ಡಿಸೆಂಬರ್ ಮುಂಜಾವಿನಲ್ಲಿ ಬಿಲದ ಬಾಯಿಯ ಬಳಿ ಬಿಸಿಲು ಬೀಳುವ ಕಡೆ ಮುದುಡಿ ಕೂತ ಫೆನೆಕ್ ಕಂಡರೆ ಅದಕ್ಕೆ ಕಾಯಿಲೆಯೆಂದು ತಿಳಿಯಬೇಕಿಲ್ಲ.

ಜನವರಿ, ಫೆಬ್ರವರಿ ಜೋಡಿಯಾಗುವ ಕಾಲ. ಗರ್ಭಾವಧಿ 50ರಿಂದ 52 ದಿನ; ಮಾರ್ಚ್, ಏಪ್ರಿಲ್‌ನಲ್ಲಿ ಒಂದರಿಂದ ನಾಲ್ಕು ಮರಿಗಳು ಹುಟ್ಟುತ್ತವೆ, ಎರಡು ತಿಂಗಳ ಆಸುಪಾಸಿನಲ್ಲಿ ಹಾಲು ಬಿಡುತ್ತವೆ. ಗಂಡು ಈ ಅವಧಿಯಲ್ಲಿ ಹೆಣ್ಣಿಗೆ ಆಹಾರ ತಂದುಕೊಟ್ಟು ಬಿಲವನ್ನು ಕಾಯುತ್ತದೆ. ಮಾರ್ಚ್‌ನಿಂದ ಮೇವರೆಗೆ ಬಿಲಗಳ ಹತ್ತಿರ ಹೋಗಲೇಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಪ್ರಾಣಿಸಂಗ್ರಹಾಲಯಗಳಲ್ಲಿ ಗದ್ದಲ, ಕಿರಿಕಿರಿಗೆ ಒಳಗಾದ ತಾಯಿ ಫೆನೆಕ್‌ಗಳು ತಮ್ಮ ಮರಿಗಳನ್ನೇ ಕೊಂದುಹಾಕಿದ ನಿದರ್ಶನಗಳಿವೆ. ಮರಿಗಳ ಚಿತ್ರ ಎಷ್ಟೇ ಮುದ್ದಾಗಿ ಬಂದರೂ ಅದಕ್ಕಾಗಿ ಇಷ್ಟು ದೊಡ್ಡ ಅಪಾಯವನ್ನು ಪ್ರಾಣಿಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಅಲ್ಲದೆ ವಸಂತಕಾಲದಲ್ಲಿ ಮರಳುಗಾಳಿಯ ಕಾಟವೂ ಹೆಚ್ಚು.

ಹಂತ 5: ಜೊತೆಗಿರಬೇಕಾದ ಸಾಮಗ್ರಿ

ಪಟ್ಟಿ ಉದ್ದವೇನಿಲ್ಲ. 8 ಅಥವಾ 10 ಪಟ್ಟು ಹಿಗ್ಗಿಸುವ, ಮಂದಬೆಳಕಿನಲ್ಲೂ ಚೆನ್ನಾಗಿ ಕಾಣಿಸುವ ದುರ್ಬೀನು, ಕೆಂಪು ಬೆಳಕಿನ ತಲೆದೀಪ, ಚಿಕ್ಕ ಅಳತೆಪಟ್ಟಿ, ಟಿಪ್ಪಣಿ ಪುಸ್ತಕ, ಜಿಪಿಎಸ್, ರಾತ್ರಿಗೆ ದಪ್ಪ ಉಣ್ಣೆಯ ಉಡುಪು, ಕಣಕಾಲು ಮುಚ್ಚುವ ಗಟ್ಟಿ ಬೂಟು. ಬೂಟು ಶೋಕಿಗಲ್ಲ, ಕೊಂಬಿನ ಮಂಡಲಹಾವು ಮರಳಿನಲ್ಲಿ ಮೈಯನ್ನು ಹುದುಗಿಸಿಕೊಂಡು ಕಣ್ಣುಗಳನ್ನಷ್ಟೇ ಹೊರಗಿಟ್ಟು ಮಲಗುವ ಜಾಗವೂ ಫೆನೆಕ್ ಇಷ್ಟಪಡುವ ಪೊದೆಯ ಬುಡವೇ. ಚೇಳುಗಳೂ ಅಲ್ಲೇ ಇರುತ್ತವೆ. ಕುಡಿಯುವ ನೀರನ್ನು ಬೇಕೆನಿಸಿದ್ದಕ್ಕಿಂತ ಹೆಚ್ಚಾಗಿಯೇ ಒಯ್ಯಬೇಕು.

ಹಂತ 6: ಬೆಳಗಿನ ಮರಳನ್ನು ಓದಿ

ಇಡೀ ಕೆಲಸದಲ್ಲಿ ಅತಿ ಮುಖ್ಯವಾದ ಹಂತ ಇದು. ಸೂರ್ಯ ಹುಟ್ಟಿದ ಮೊದಲ ಒಂದೆರಡು ಗಂಟೆ ಬೆಳಕು ಓರೆಯಾಗಿ ಬೀಳುತ್ತದೆ. ಆಗ ಪ್ರತಿ ಹೆಜ್ಜೆಯ ತಗ್ಗಿನಲ್ಲೂ ನೆರಳು ತುಂಬಿಕೊಂಡು ಜಾಡು ಸ್ಪಷ್ಟವಾಗಿ ಎದ್ದು ಕಾಣುತ್ತದೆ. ಬಿಸಿಲು ನೆತ್ತಿಗೇರಿದಂತೆ ಅದೇ ಜಾಡು ಕಣ್ಣೆದುರೇ ಮಾಯವಾಗುತ್ತದೆ. ನಡೆಯುವಾಗ ಸೂರ್ಯನ ಕಡೆಗೆ ಮುಖ ಮಾಡಿ, ಜಾಡು ನಿಮಗೂ ಸೂರ್ಯನಿಗೂ ನಡುವೆ ಬರುವಂತೆ ನೋಡಿಕೊಳ್ಳಬೇಕು. ಹಿಂದಿನ ಸಂಜೆ ಗಾಳಿ ಬೀಸಿ, ರಾತ್ರಿ ಶಾಂತವಾಗಿದ್ದರೆ ಅದಕ್ಕಿಂತ ಒಳ್ಳೆಯ ಅದೃಷ್ಟ ಬೇರಿಲ್ಲ. ಗಾಳಿ ಹಳೆಯ ಗುರುತುಗಳನ್ನೆಲ್ಲ ಅಳಿಸಿ ಹಾಕಿರುವುದರಿಂದ, ಈಗ ಕಾಣುವ ಪ್ರತಿ ಹೆಜ್ಜೆಯೂ ಗಾಳಿ ನಿಂತ ನಂತರದ್ದೇ ಎಂದು ಖಚಿತವಾಗಿ ಹೇಳಬಹುದು. ಬಿಡದೆ ಬೀಸುವ ಗಾಳಿಯ ರಾತ್ರಿಯ ಮರುದಿನ ಗುರುತುಗಳಿಲ್ಲವೆಂದರೆ ಪ್ರಾಣಿಯಿಲ್ಲ ಎಂದರ್ಥವಲ್ಲ, ಮರಳು ಏನನ್ನೂ ಉಳಿಸಿಕೊಂಡಿಲ್ಲ ಎಂದಷ್ಟೇ.

ಮೊದಲು ಇತರ ಪ್ರಾಣಿಗಳ ಗುರುತುಗಳನ್ನು ಬೇರ್ಪಡಿಸಿ. ಕಪ್ಪು ಜೀರುಂಡೆಯ ಜಾಡು ಬಟ್ಟೆಯ ಮೇಲೆ ಒತ್ತೊತ್ತಾಗಿ ಹಾಕಿದ ಎರಡು ಸಾಲು ಹೊಲಿಗೆಯಂತಿರುತ್ತದೆ. ಜರ್ಬೋವಾ ಇಲಿ ಹಿಂಗಾಲುಗಳ ಮೇಲೆ ಕುಪ್ಪಳಿಸುವುದರಿಂದ ಅದರ ಹೆಜ್ಜೆಗಳು ಜೋಡಿಜೋಡಿಯಾಗಿ, ನಡುವೆ ದೊಡ್ಡ ಅಂತರ ಬಿಟ್ಟು ಬೀಳುತ್ತವೆ. ಕೊಂಬಿನ ಮಂಡಲಹಾವು ಪಕ್ಕಕ್ಕೆ ಸರಿದ ಕಡೆ ಒಂದಕ್ಕೊಂದು ತಾಗದ ಓರೆಗೆರೆಗಳಿರುತ್ತವೆ. ಅವು ಕಂಡರೆ ಗೆರೆಗಳು ಎಲ್ಲಿ ಕೊನೆಯಾಗುತ್ತವೆಂದು ನೋಡದೆ ಮುಂದೆ ಕಾಲಿಡಬೇಡಿ.

ಫೆನೆಕ್‌ನ ಹೆಜ್ಜೆ ಚಿಕ್ಕದು, ಅದರಲ್ಲಿ ನಾಲ್ಕು ಬೆರಳುಗಳ ಗುರುತಿರುತ್ತದೆ. ಆದರೆ ಅಂಚುಗಳು ಎಂದೂ ಚೂಪಾಗಿರುವುದಿಲ್ಲ. ಅದರ ಅಂಗಾಲುಗಳ ತುಂಬ ದಟ್ಟವಾದ ಕೂದಲಿದ್ದು, ಅದು ಸುಡುಮರಳಿನಿಂದ ರಕ್ಷಣೆ ಕೊಡುವುದರ ಜೊತೆಗೆ ಕಾಲು ಹೂತುಹೋಗದಂತೆಯೂ ತಡೆಯುತ್ತದೆ. ಈ ಕೂದಲಿನಿಂದಾಗಿ ಮೆತ್ತೆಗಳ ಗುರುತು ಮಸುಕಾಗಿ, ಹೆಜ್ಜೆಯ ಮೇಲೆ ಯಾರೋ ಬೆರಳಾಡಿಸಿದಂತೆ ಕಾಣುತ್ತದೆ. ತೊಡಕೇನೆಂದರೆ ಮರಳು ಬೆಕ್ಕಿನ ಅಂಗಾಲಿಗೂ ಇಂಥದ್ದೇ ಕೂದಲಿದೆ. ಹಾಗಾಗಿ ಒಂದೇ ಹೆಜ್ಜೆಯನ್ನು ನೋಡಿ ನಿರ್ಧರಿಸಬಾರದು. ತುಸು ಗಟ್ಟಿ ಅಥವಾ ತೇವವಿರುವ ಮರಳಿನವರೆಗೆ ಜಾಡನ್ನು ಹಿಂಬಾಲಿಸಿ ಹೋದರೆ ಅಲ್ಲಿ ಉತ್ತರ ಸಿಗುತ್ತದೆ. ನರಿಯ ಹೆಜ್ಜೆ ಉದ್ದುದ್ದವಾಗಿದ್ದು ಬೆರಳ ತುದಿಯಲ್ಲಿ ಉಗುರಿನ ಚುಕ್ಕೆಗಳು ಕಾಣಬಹುದು. ಬೆಕ್ಕಿನದು ದುಂಡಗಿದ್ದು, ನಡೆಯುವಾಗ ಉಗುರು ಒಳಗೆಳೆದುಕೊಂಡಿರುವುದರಿಂದ ಆ ಚುಕ್ಕೆಗಳು ಇರುವುದಿಲ್ಲ.

ಜಾಡಿನ ಉದ್ದಕ್ಕೂ ಪ್ರಾಣಿ ಏನು ಮಾಡಿತೆಂಬುದನ್ನು ಗಮನಿಸುವುದೇ ಈ ಹಂತದ ಸೊಗಸು. ನೇರವಾಗಿ ಹೋಗುತ್ತಿದ್ದ ಹೆಜ್ಜೆಗಳು ಒಂದು ಕಡೆ ಒತ್ತಾಗುತ್ತವೆ, ನಾಲ್ಕೂ ಕಾಲು ಒಂದೆಡೆ ನಿಂತ ಗುರುತು ಕಾಣುತ್ತದೆ, ಅಲ್ಲಿಂದ ಅಡ್ಡಕ್ಕೆ ತಿರುಗಿ ಹುಲ್ಲಿನ ಗುಪ್ಪೆಯ ಬುಡದಲ್ಲಿ ಒಂದು ಚಿಕ್ಕ ಗುಂಡಿ. ಗುಂಡಿಯ ಹಿಂಬದಿಗೆ ಬೀಸಣಿಗೆಯಾಕಾರದಲ್ಲಿ ಚೆಲ್ಲಿದ ಮರಳು. ಪಕ್ಕದಲ್ಲಿ ಜೀರುಂಡೆಯ ಒಂದು ಗಟ್ಟಿ ರೆಕ್ಕೆ. ನೆಲದೊಳಗೆ ಹರಿದಾಡುವ ಕೀಟದ ಸದ್ದನ್ನು ಆ ದೊಡ್ಡ ಕಿವಿಗಳು ಹಿಡಿದ ಜಾಗ ಅದು. ಕಿವಿಗಳು ದೇಹದ ಶಾಖವನ್ನು ಹೊರಹಾಕುವುದಕ್ಕೂ ನೆರವಾಗುತ್ತವೆ ನಿಜ, ಆದರೆ ಹೀಗೆ ಬೇಟೆಯ ಗುಂಡಿಯನ್ನು ಕಣ್ಣಾರೆ ಕಂಡವರಿಗೆ ಅವುಗಳ ಮೊದಲ ಕೆಲಸ ಯಾವುದೆಂಬ ಬಗ್ಗೆ ಅನುಮಾನ ಉಳಿಯುವುದಿಲ್ಲ.

ಹಂತ 7: ಬಿಲವನ್ನು ಗುರುತಿಸಿ, ದೂರವೇ ಉಳಿಯಿರಿ

ಹಲವು ಜಾಡುಗಳು ಒಂದೇ ದಿಕ್ಕಿಗೆ ಕೂಡಿಕೊಳ್ಳುತ್ತಿದ್ದರೆ ಬಿಲ ಹತ್ತಿರದಲ್ಲಿದೆ ಎಂದರ್ಥ. ಸಡಿಲ ಮರಳಿನಲ್ಲಿ ಬಿಲಗಳು ಚಿಕ್ಕವು, ಸರಳವಾದವು. ಗಟ್ಟಿ ನೆಲದಲ್ಲಿ ಮಾತ್ರ ಅವು ಜಟಿಲವಾಗಿ ಬೆಳೆಯುತ್ತವೆ. 120 ಚದರ ಮೀಟರ್‌ವರೆಗೆ ಹರಡಿ, 15 ಬಾಗಿಲುಗಳವರೆಗೆ ಇರುವ ಬಿಲಗಳೂ ಉಂಟು. ಅಂಥ ಕಡೆ ಒಂದು ಕುಟುಂಬ ಮಾತ್ರವಲ್ಲದೆ ಹತ್ತರವರೆಗೆ ಪ್ರಾಣಿಗಳ ಗುಂಪೂ ವಾಸಿಸಬಹುದು. ಹಾಗಾಗಿ ಒಂದು ಬಾಯಿ ಕಂಡ ಕೂಡಲೇ ಅದೊಂದೇ ಎಂದು ತಿಳಿದು ಅಲ್ಲೇ ಕೂತರೆ, ಪ್ರಾಣಿ ಬೆನ್ನ ಹಿಂದಿನ ಬಾಯಿಯಿಂದ ಹೊರಟುಹೋಗಿರುತ್ತದೆ.

ಬಿಲ ಬಳಕೆಯಲ್ಲಿದೆಯೇ ಎಂದು ತಿಳಿಯಲು ಬಾಯಿಗೆ ಕೈ ಹಾಕುವುದಾಗಲಿ, ಕೋಲು ತೂರಿಸುವುದಾಗಲಿ ಬೇಕಿಲ್ಲ. ಅದು ನಿಮಗೂ ಅಪಾಯ, ಪ್ರಾಣಿಗೂ ಹಿಂಸೆ. ದುರ್ಬೀನಿನಿಂದಲೇ ಎಲ್ಲ ತಿಳಿಯುತ್ತದೆ. ಬಾಯಿಯ ಮುಂದೆ ಹೊಸದಾಗಿ ಎಳೆದು ಹಾಕಿದ ಮರಳು ಸುತ್ತಲಿನ ಮರಳಿಗಿಂತ ಬಣ್ಣದಲ್ಲಿ ಗಾಢವಾಗಿದ್ದರೆ, ಒಳಹೋದ ಮತ್ತು ಹೊರಬಂದ ಎರಡೂ ದಿಕ್ಕಿನ ಹೆಜ್ಜೆಗಳಿದ್ದರೆ ಅದು ಜೀವಂತ ಬಿಲ. ಬಾಯಿಯಲ್ಲಿ ಗಾಳಿ ಮೂಡಿಸಿದ ಅಲೆಗಳು ಕದಡದೆ ಉಳಿದಿದ್ದರೆ, ಜೇಡನ ಬಲೆ ಕಟ್ಟಿದ್ದರೆ ಅದು ಬಿಟ್ಟುಹೋದ ಬಿಲ. ಪರಿಶೀಲಿಸಲೆಂದು ಬಾಯಿಯ ಮುಂದೆಯೇ ನಡೆದುಹೋದರೆ ನಿಮ್ಮ ವಾಸನೆ ಅಲ್ಲಿ ಉಳಿಯುವುದಲ್ಲದೆ, ಓದಬೇಕಾದ ಜಾಡೂ ಕಾಲಡಿಯಲ್ಲಿ ಹಾಳಾಗುತ್ತದೆ.

ಹಂತ 8: ಸಂಜೆ ಕಾಯುವುದು

ಸೂರ್ಯ ಮುಳುಗುವುದಕ್ಕೆ ಕನಿಷ್ಠ ಒಂದು ಗಂಟೆ ಮೊದಲೇ ಜಾಗ ಹಿಡಿದು ಕೂತಿರಬೇಕು. ಬಿಲದಿಂದ 50 ಮೀಟರ್‌ಗಿಂತ ಹತ್ತಿರ ಬೇಡ. ಗಾಳಿ ಬಿಲದ ಕಡೆಯಿಂದ ನಿಮ್ಮ ಕಡೆಗೆ ಬೀಸುತ್ತಿರಬೇಕು. ಬೆಳಕಿನ ಅನುಕೂಲಕ್ಕೂ ಗಾಳಿಯ ದಿಕ್ಕಿಗೂ ತಿಕ್ಕಾಟ ಬಂದರೆ ಬೆಳಕನ್ನು ಬಿಟ್ಟುಕೊಡಿ. ದಿಬ್ಬದ ನೆತ್ತಿಯ ಮೇಲೆ ಕೂತರೆ ಆಕಾಶದ ಹಿನ್ನೆಲೆಯಲ್ಲಿ ನಿಮ್ಮ ಆಕಾರ ಎದ್ದು ಕಾಣುತ್ತದೆ; ನೆತ್ತಿಯಿಂದ ತುಸು ಕೆಳಗೆ, ಬೆನ್ನಿಗೆ ಒಂದು ಪೊದೆ ಇರುವಂತೆ ಕೂರಬೇಕು. ಇಷ್ಟೆಲ್ಲ ಮಾಡಿದರೂ ಉಡುಪಿನ ಸರಪರ ಸದ್ದು, ಚೀಲದ ಜಿಪ್ ಎಳೆಯುವ ಸದ್ದು ಎಲ್ಲವನ್ನೂ ಕೆಡಿಸಿಬಿಡಬಲ್ಲದು. ನೆಲದೊಳಗಿನ ಜೀರುಂಡೆಯ ಸದ್ದು ಕೇಳುವ ಪ್ರಾಣಿಗೆ 50 ಮೀಟರ್ ದೂರದ ಪಿಸುಮಾತು ಕೇಳದಿರುವುದಿಲ್ಲ. ಬೇಕಾದ ವಸ್ತುಗಳನ್ನೆಲ್ಲ ಮೊದಲೇ ಚೀಲದಿಂದ ತೆಗೆದು ಪಕ್ಕದಲ್ಲಿಟ್ಟುಕೊಳ್ಳಬೇಕು.

ಹೊರಬರುವ ಫೆನೆಕ್ ಮೊದಲು ತೋರಿಸುವುದು ಕಿವಿಗಳನ್ನು, ಆಮೇಲೆ ಕಣ್ಣುಗಳನ್ನು. ಹೊತ್ತು ಕಳೆದರೂ ಅದು ಹಾಗೆಯೇ ಇರಬಹುದು. ಈ ಕ್ಷಣದಲ್ಲಿ ಕ್ಯಾಮೆರಾ ಎತ್ತುವ ಆತುರವೇ ಹೆಚ್ಚಿನ ವೀಕ್ಷಣೆಗಳನ್ನು ಹಾಳುಮಾಡುತ್ತದೆ. ಅದು ಪೂರ್ತಿ ಹೊರಬಂದು, ಮೈ ಕೊಡವಿ, ಬಿಲದಿಂದ ಕೆಲವು ಹೆಜ್ಜೆ ದೂರ ಹೋದ ಮೇಲೆ ನಿಧಾನವಾಗಿ ಚಲಿಸಿದರೆ ತೊಂದರೆಯಾಗುವುದು ಕಡಿಮೆ. ಮತ್ತೆ ಮತ್ತೆ ತಲೆ ಎತ್ತಿ ನಿಮ್ಮ ಕಡೆಗೇ ನೋಡುತ್ತಿದ್ದರೆ, ಬಿಲಕ್ಕೆ ಮರಳಿ ಹೊಕ್ಕು ಹೊರಬಾರದಿದ್ದರೆ, ಅಂದಿನ ಮಟ್ಟಿಗೆ ಎದ್ದು ಹೋಗುವುದೇ ಸರಿ. ಆಕಾಶದ ಕಡೆಗೆ ಪದೇ ಪದೇ ನೋಡುತ್ತಿದ್ದರೆ ಕಾರಣ ಬೇರೆ ಇರಬಹುದು. ಮರುಭೂಮಿಯ ದೊಡ್ಡ ಕೊಂಬುಗೂಬೆಯು ಫೆನೆಕ್ ಮರಿಗಳ ಪಾಲಿನ ಮುಖ್ಯ ಶತ್ರು.

ಹಂತ 9: ರಾತ್ರಿಯ ದೀಪ ಮತ್ತು ಬಲೆಗ್ಯಾಮೆರಾ

ರಸ್ತೆಯ ಬದಿಯಲ್ಲಿ ನಿಧಾನವಾಗಿ ವಾಹನ ಓಡಿಸುತ್ತ ದೀಪ ಹಾಯಿಸಿ ಕಣ್ಣಿನ ಹೊಳಪನ್ನು ಹುಡುಕುವ ವಿಧಾನವನ್ನು ನಾನು ಎರಡನೇ ಆಯ್ಕೆಯಾಗಿಯಷ್ಟೇ ಒಪ್ಪುತ್ತೇನೆ. ಹೊಳೆಯುವ ಕಣ್ಣುಗಳು ನೆಲದಿಂದ ಒಂದು ಗೇಣಿನಷ್ಟೇ ಎತ್ತರದಲ್ಲಿದ್ದು, ತೇಲಿದಂತೆ ಚುರುಕಾಗಿ ಸರಿದರೆ ಅದು ಫೆನೆಕ್ ಇರಬಹುದು. ಮರಳು ಬೆಕ್ಕಾದರೆ ಬೆಳಕು ಬಿದ್ದಾಗ ನೆಲಕ್ಕೆ ಒತ್ತಿಕೊಂಡು ಕಣ್ಣು ಮುಚ್ಚಿಬಿಡುವುದುಂಟು, ಆಗ ಹೊಳಪು ಆರಿಹೋಗುತ್ತದೆ. ಪ್ರಾಣಿ ಸಿಕ್ಕ ಕೂಡಲೇ ದೀಪವನ್ನು ಅದರ ಮುಖದಿಂದ ಪಕ್ಕಕ್ಕೆ ಸರಿಸಿ ಅಂಚಿನ ಬೆಳಕಿನಲ್ಲಿ ನೋಡಬೇಕು. ಓಡಿದರೆ ಬೆನ್ನಟ್ಟಬಾರದು. ಮರಳಿನ ಮೇಲೆ ವಾಹನ ಹಾಯಿಸಿದರೆ ಬಿಲಗಳು ಕುಸಿಯುತ್ತವೆ ಎಂಬುದನ್ನು ಚಾಲಕರಿಗೂ ತಿಳಿಸಿರಬೇಕು.

ತಾನಾಗಿಯೇ ಚಿತ್ರ ತೆಗೆಯುವ ಬಲೆಗ್ಯಾಮೆರಾ ಇದ್ದವರು ಅದನ್ನು ಬಿಲದ ಬಾಯಿಗಲ್ಲ, ಜಾಡಿನ ಹಾದಿಗೆ ಕಟ್ಟಬೇಕು. ನೆಲದಿಂದ 25 ಸೆಂಟಿಮೀಟರ್ ಆಸುಪಾಸಿನ ಎತ್ತರ ಸಾಕು. ದೊಡ್ಡ ಪ್ರಾಣಿಗಳಿಗೆ ಇಡುವ ಎತ್ತರದಲ್ಲಿಟ್ಟರೆ ಫೆನೆಕ್ ಕೆಳಗಿಂದಲೇ ದಾಟಿಹೋಗುತ್ತದೆ. ಇಂಥ ಕ್ಯಾಮೆರಾಗಳು ಪ್ರಾಣಿಯ ಮೈಶಾಖಕ್ಕೂ ಹಿನ್ನೆಲೆಯ ಶಾಖಕ್ಕೂ ಇರುವ ವ್ಯತ್ಯಾಸವನ್ನು ಗ್ರಹಿಸಿ ಕೆಲಸ ಮಾಡುತ್ತವೆ. ಸಂಜೆಯ ಮರಳು ಪ್ರಾಣಿಯ ಮೈಯಷ್ಟೇ ಬಿಸಿಯಾಗಿರುವ ಹೊತ್ತಿನಲ್ಲಿ ಅವು ಕುರುಡಾಗುವುದುಂಟು. ಹುಲ್ಲು ಅಲುಗಾಡಿದರೆ ಸುಮ್ಮಸುಮ್ಮನೆ ಚಿತ್ರ ತೆಗೆಯುವುದೂ ಉಂಟು. ಆದ್ದರಿಂದ ಎದುರಿಗೆ ಹುಲ್ಲಿಲ್ಲದ ಜಾಗ ಆರಿಸಿ, ಹುಟ್ಟುವ ಅಥವಾ ಮುಳುಗುವ ಸೂರ್ಯ ನೇರವಾಗಿ ಬೀಳದಂತೆ ಉತ್ತರಕ್ಕೆ ಮುಖ ಮಾಡಿಸಿ. ಸಡಿಲ ಮರಳಿನಲ್ಲಿ ಗೂಟ ನಿಲ್ಲುವುದಿಲ್ಲ. ಗೂಟದ ಬುಡಕ್ಕೆ ಅಡ್ಡಹಲಗೆ ಬಿಗಿದು ಹೂಳಿದರೆ ಗಾಳಿಗೆ ವಾಲುವುದಿಲ್ಲ. ಆಹಾರ ಚೆಲ್ಲಿ ಆಕರ್ಷಿಸುವುದು ಬೇಡವೇ ಬೇಡ. ತಿಂಡಿಯ ಆಸೆಗೆ ಮನುಷ್ಯರ ಬಳಿ ಬರಲು ಕಲಿತ ಫೆನೆಕ್‌ಗೆ ಮುಂದೆ ಬಲೆ ಕಾದಿರುತ್ತದೆ.

ಇದು ಬರಿಯ ಊಹೆಯ ಮಾತಲ್ಲ. ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ ಪಟ್ಟಿಯಲ್ಲಿ ಫೆನೆಕ್ ಸದ್ಯಕ್ಕೆ ಅಪಾಯವಿಲ್ಲದ ಪ್ರಭೇದಗಳ ಸಾಲಿನಲ್ಲಿದೆ. ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೇ ಅನುಬಂಧದಲ್ಲೂ ಸೇರಿದೆ. ಮೊರಾಕೊ, ಅಲ್ಜೀರಿಯಾ, ಟ್ಯುನೀಶಿಯಾ ಮತ್ತು ಈಜಿಪ್ಟ್‌ಗಳಲ್ಲಿ ಕಾನೂನಿನ ರಕ್ಷಣೆಯೂ ಇದೆ. ಅಷ್ಟಿದ್ದರೂ ಉತ್ತರ ಆಫ್ರಿಕಾದ ಪ್ರವಾಸಿ ತಾಣಗಳಲ್ಲಿ ಕೊರಳಿಗೆ ಹಗ್ಗ ಕಟ್ಟಿದ ಫೆನೆಕ್ ಮರಿಯನ್ನು ತೋರಿಸಿ, ಅದರೊಂದಿಗೆ ಚಿತ್ರ ತೆಗೆಸಿಕೊಳ್ಳಲು ಹಣ ಕೇಳುವುದು ನಿಂತಿಲ್ಲ. ಇಂಥ ಮರಿಗಳನ್ನು ಬಿಲ ಅಗೆದು ತಂದಿರುತ್ತಾರೆ. ಹಣ ಕೊಟ್ಟು ಬಿಡಿಸುವುದೂ ಪರಿಹಾರವಲ್ಲ, ಆ ಹಣದಿಂದ ಮರುದಿನ ಇನ್ನೊಂದು ಬಿಲ ಅಗೆಯಲಾಗುತ್ತದೆ. ಚಿತ್ರಕ್ಕೂ ಖರೀದಿಗೂ ನಿರಾಕರಿಸಿ, ಸ್ಥಳೀಯ ಅರಣ್ಯ ಅಧಿಕಾರಿಗಳಿಗೆ ಜಾಗ ಮತ್ತು ದಿನಾಂಕವನ್ನು ತಿಳಿಸಬೇಕು.

ಹಂತ 10: ಕಂಡದ್ದನ್ನು ದಾಖಲಿಸಿ

ದಿನಾಂಕ, ಸಮಯ, ಉಷ್ಣಾಂಶ, ಗಾಳಿಯ ದಿಕ್ಕು, ಮರಳಿನ ಬಗೆ, ಹತ್ತಿರದ ಸಸ್ಯ, ಪ್ರಾಣಿಗಳ ಸಂಖ್ಯೆ ಮತ್ತು ಅವು ಮಾಡುತ್ತಿದ್ದ ಕೆಲಸ, ಇಷ್ಟನ್ನು ಅಲ್ಲೇ ಬರೆದುಕೊಳ್ಳಬೇಕು. ಬಿಡಾರಕ್ಕೆ ಮರಳಿದ ಮೇಲೆ ಬರೆಯಲು ಕೂತರೆ ಸಮಯ ಮತ್ತು ದೂರಗಳು ನೆನಪಿನಲ್ಲಿ ಹಿಗ್ಗುತ್ತವೆ. ಹೆಜ್ಜೆಗುರುತಿನ ಚಿತ್ರ ತೆಗೆಯುವಾಗ ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು, ಒಂದೇ ಹೆಜ್ಜೆಯ ಜೊತೆಗೆ ಜಾಡಿನ ಉದ್ದವನ್ನೂ ಸೇರಿಸಿ ತೆಗೆಯಿರಿ. ಪ್ರಾಣಿ ಕಾಣದ ದಿನವನ್ನೂ ಅಷ್ಟೇ ಶ್ರದ್ಧೆಯಿಂದ ದಾಖಲಿಸಬೇಕು, ಏಕೆಂದರೆ ಇಂಥ ಗಿಡ ಮತ್ತು ಇಂಥ ಮರಳಿನಲ್ಲಿ ಹುಡುಕಿದರೂ ಜಾಡು ಸಿಗಲಿಲ್ಲ ಎಂಬುದೂ ನೆಲೆಯ ಅಧ್ಯಯನಕ್ಕೆ ಮಾಹಿತಿಯೇ. ಐನ್ಯಾಚುರಲಿಸ್ಟ್‌ನಂಥ ಸಾರ್ವಜನಿಕ ತಾಣಕ್ಕೆ ದಾಖಲೆ ಸೇರಿಸುವುದಾದರೆ ಸ್ಥಳವನ್ನು ಮರೆಮಾಚುವ ಆಯ್ಕೆಯನ್ನು ಬಳಸಿ. ಫೋನಿನಿಂದ ತೆಗೆದ ಚಿತ್ರಗಳಲ್ಲಿ ಸ್ಥಳದ ನಿರ್ದೇಶಾಂಕಗಳು ಅಡಗಿರುತ್ತವೆ. ಬಿಲದ ಚಿತ್ರವನ್ನು ಯಾರಿಗಾದರೂ ಕಳಿಸುವ ಮೊದಲು ಅವುಗಳನ್ನು ತೆಗೆದುಹಾಕಿ, ಹಿನ್ನೆಲೆಯಲ್ಲಿ ಜಾಗವನ್ನು ಬಿಟ್ಟುಕೊಡುವ ಬೆಟ್ಟ, ಗೋಪುರ ಅಥವಾ ರಸ್ತೆಯ ಫಲಕ ಇದೆಯೇ ಎಂದು ಪರೀಕ್ಷಿಸಿಕೊಳ್ಳಬೇಕು.